ಟ್ಯಾಂಕಿನಲ್ಲಿ ನಮ್ಮದೇ ಗೋವಿನಜೋಳ, ರಿಪೇರಿ ಬಿಲ್ಲೂ ನಮ್ಮದೇ: ಹಳೇ ಬೈಕು ಮತ್ತು ಇ20 ಪೆಟ್ರೋಲಿನ ಲೆಕ್ಕ

ನವೆಂಬರ್‌ ಎರಡನೇ ವಾರ ಊರಿಗೆ ಹೋಗಿದ್ದೆ. ರಾಣೇಬೆನ್ನೂರು ತಾಲೂಕಿನ ನಮ್ಮೂರಲ್ಲಿ ಗೋವಿನಜೋಳದ ಒಕ್ಕಣೆ ಮುಗಿದು ರಸ್ತೆ ಬದಿಯಲ್ಲೆಲ್ಲ ಹಳದಿ ರಾಶಿ ಬಿದ್ದಿತ್ತು (ನಿಮ್ಮ ಕಡೆ ಮೆಕ್ಕೆಜೋಳ ಅಂತೀರೇನೋ, ನಮಗದು ಗೋವಿನಜೋಳ). ಅಪ್ಪನ ಬೈಕು 2014ರ ಮಾಡೆಲ್‌, 100 ಸಿಸಿ, ಕಾರ್ಬೊರೇಟರ್‌ ಗಾಡಿ. ಮೊಣಕಾಲು ನೋವು ಅಂತ ಎರಡು ತಿಂಗಳಿಂದ ಅಪ್ಪ ಅದನ್ನ ಮುಟ್ಟಿರಲಿಲ್ಲ. ಚೋಕ್‌ ಎಳೆದು ಇಪ್ಪತ್ತು ಸಲ ಕಿಕ್‌ ಹೊಡೆದೆ. ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ಒಂದು ಕಿಲೋಮೀಟರ್‌ ತಳ್ಳಿಕೊಂಡು ಹೋಗಿ ಕ್ರಾಸಿನಲ್ಲಿರೋ ಗ್ಯಾರೇಜಿಗೆ ಮುಟ್ಟಿಸಿದೆ.

ಮೆಕ್ಯಾನಿಕ್‌ ಕಾಕಾ ಪ್ಲಗ್‌ ಕಡೆ ನೋಡಲೇ ಇಲ್ಲ. ನೇರ ಕಾರ್ಬೊರೇಟರ್‌ ಬಿಚ್ಚಿ ಅದರ ತಳದ ಬಟ್ಟಲನ್ನ ಬಿಸಿಲಿಗೆ ಹಿಡಿದರು. ಪೆಟ್ರೋಲಿನ ಕೆಳಗೆ ಬೇರೆಯೇ ಒಂದು ಪದರ, ಮಂಜು ಮಂಜಾದ ನೀರು. ಅಂಚಿಗೆಲ್ಲ ಬಿಳಿ ಪುಡಿ ಕಟ್ಟಿಕೊಂಡಿತ್ತು. ಟ್ಯಾಂಕಿನಿಂದ ಬರೋ ಪೈಪನ್ನ ಬೆರಳಲ್ಲಿ ಒತ್ತಿದರು. ಬಿಸಿಲಿಗೆ ಬಿಟ್ಟ ಚಪ್ಪಲಿ ಥರ ಬಿರುಕು ಬಿಟ್ಟಿತು.

"ಪೆಟ್ರೋಲ್‌ನಾಗ ನೀರು ಕುಂತೈತ್ರಿ ತಮ್ಮಾರ. ಈ ವರ್ಷ ಇಂಥಾವು ಭಾಳ ಬರಾಕತ್ಯಾವು. ಗಾಡಿ ದಿನಾ ಓಡಿಸಿದ್ರ ನಡೀತೈತಿ. ನಿಲ್ಲಿಸಿದ್ರೋ, ನನ್ನ ಹತ್ರ ಬರಬೇಕಾಗತೈತಿ."

ಹೊಸ ಪೈಪು, ಫ್ಲೋಟ್‌ ನೀಡಲ್‌, ಒಂದೆರಡು ರಬ್ಬರ್‌ ರಿಂಗು, ಟ್ಯಾಂಕ್‌ ತೊಳೆದ ಕೂಲಿ, ಎಲ್ಲಾ ಸೇರಿ 780 ರೂಪಾಯಿ. ಅದೇ ದಿನ ಬೆಳಿಗ್ಗೆ ಅಪ್ಪ ಒಂದು ಕ್ವಿಂಟಲ್‌ ಗೋವಿನಜೋಳವನ್ನ 1,700ಕ್ಕೆ ಕೊಡೋದೋ ಬೇಡವೋ ಅಂತ ದಲಾಲಿ ಜೊತೆ ಫೋನಲ್ಲಿ ಜಗಳ ಆಡ್ತಿದ್ದರು. ಹೆಚ್ಚುಕಡಿಮೆ ಅರ್ಧ ಕ್ವಿಂಟಲ್‌ ಕಾಳು ಹೋಗಿ ಬೈಕಿನ ಕಾರ್ಬೊರೇಟರಿಗೆ ಸೇರಿತು ಅಂತಾಯ್ತು. ಇದನ್ನ ತಮಾಷೆಗೆ ಹೇಳ್ತಿಲ್ಲ. ಅಪ್ಪ ಬೆಳೆಯೋ ಕಾಳೇ ಡಿಸ್ಟಿಲರಿಗೆ ಹೋಗಿ, ಎಥೆನಾಲ್‌ ಆಗಿ, ಪೆಟ್ರೋಲಿನಲ್ಲಿ ಬೆರೆತು, ಅಪ್ಪನ ಟ್ಯಾಂಕಿಗೇ ವಾಪಸ್‌ ಬರ್ತಿದೆ. ಈ ಸುತ್ತಿನಲ್ಲಿ ಯಾರಿಗೆ ಏನು ಸಿಕ್ಕಿತು, ಯಾರ ಜೇಬಿನಿಂದ ಏನು ಹೋಯಿತು ಅಂತ ಕೂತು ಲೆಕ್ಕ ಹಾಕಿದೆ. ಈ ಬರಹ ಆ ಲೆಕ್ಕದ್ದು.

ಮೊದಲೇ ಒಂದು ಮಾತು. ಆ ಬಟ್ಟಲಿನಲ್ಲಿದ್ದ ನೀರಿಗೆ ಎಥೆನಾಲೇ ಕಾರಣ ಅಂತ ನಾನು ಕೋರ್ಟಿನಲ್ಲಿ ಸಾಬೀತು ಮಾಡಲಾರೆ. ಮಳೆಗಾಲದಲ್ಲಿ ಟ್ಯಾಂಕಿನ ಮುಚ್ಚಳದಿಂದ ಹನಿ ಇಳಿದಿರಬಹುದು. ಹನ್ನೊಂದು ವರ್ಷದ ಪೈಪು ಹೇಗಿದ್ದರೂ ಸಾಯೋದೇ. ಆದರೆ ಎಥೆನಾಲ್‌ ಗಾಳಿಯಲ್ಲಿರೋ ತೇವವನ್ನ ಎಳೆದುಕೊಳ್ಳುತ್ತೆ ಅನ್ನೋದು ಪಿಯುಸಿ ಕೆಮಿಸ್ಟ್ರಿ. ನೀರು ಒಂದು ಮಟ್ಟ ಮೀರಿದರೆ ಎಥೆನಾಲೂ ನೀರೂ ಸೇರಿಕೊಂಡು ಪೆಟ್ರೋಲಿನಿಂದ ಬೇರೆಯಾಗಿ ತಳ ಸೇರುತ್ತವೆ. ಸದ್ಯಕ್ಕೆ ಇಷ್ಟು ಗೊತ್ತಿದ್ದರೆ ಸಾಕು.

ಬೆಂಗಳೂರಲ್ಲಿ ಶುರುವಾದ ಕತೆ

ಇ20 ಅಂದರೆ 20 ಪಾಲು ಎಥೆನಾಲ್‌, 80 ಪಾಲು ಪೆಟ್ರೋಲ್‌. ಪ್ರಧಾನಿ ಮೋದಿ ಇದನ್ನ ಬಿಡುಗಡೆ ಮಾಡಿದ್ದು ನಮ್ಮ ಬೆಂಗಳೂರಿನಲ್ಲೇ, 2023ರ ಫೆಬ್ರವರಿ 6ರಂದು, ಇಂಡಿಯಾ ಎನರ್ಜಿ ವೀಕ್‌ನಲ್ಲಿ. ಆಗ 11 ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳ 84 ಬಂಕುಗಳಲ್ಲಿ ಮಾತ್ರ ಸಿಗ್ತಿತ್ತು. ಬೇಕಾದವರು ಹಾಕಿಸಿಕೊಳ್ಳಬಹುದಿತ್ತು. 2014ರಲ್ಲಿ ಪೆಟ್ರೋಲಿನಲ್ಲಿ ಎಥೆನಾಲ್‌ ಪ್ರಮಾಣ ಶೇ. 1.5ರಷ್ಟು. 2022ರ ಜೂನ್‌ ಹೊತ್ತಿಗೆ ಶೇ. 10. ಶೇ. 20ರ ಗುರಿ ಮೊದಲಿಗೆ 2030ಕ್ಕೆ ಅಂತ ಇತ್ತು. ಅದನ್ನ ಐದು ವರ್ಷ ಹಿಂದಕ್ಕೆಳೆದು 2025ರಲ್ಲೇ ಮುಟ್ಟಿಸಿದರು.

ಗುರಿ ಬೇಗ ಮುಟ್ಟಿದ್ದಕ್ಕೆ ಯಾರದೂ ತಕರಾರಿಲ್ಲ. ತಕರಾರು ಇರೋದು ಈ ಮಧ್ಯೆ ಸದ್ದಿಲ್ಲದೆ ಕಾಣೆಯಾದ ಒಂದು ಸಂಗತಿ ಬಗ್ಗೆ. 84 ಬಂಕುಗಳಲ್ಲಿ ಇದ್ದ ಆಯ್ಕೆ ಈಗ ಎಲ್ಲೂ ಇಲ್ಲ. ಬಂಕಿಗೆ ಹೋಗಿ "ಅಣ್ಣಾ, ಇ10 ಇದೆಯಾ?" ಅಂತ ಕೇಳಿ ನೋಡಿ. ಪೈಪು ಹಿಡಿದ ಹುಡುಗ ನಿಮ್ಮನ್ನ ಮೇಲಿಂದ ಕೆಳಗೆ ನೋಡ್ತಾನೆ.

ಕಂಪನಿಗಳು ಇ20ಗೆ ತಕ್ಕ ರಬ್ಬರು, ಪ್ಲಾಸ್ಟಿಕ್ಕು ಹಾಕಿ ಗಾಡಿ ಮಾಡೋಕೆ ಶುರುಮಾಡಿದ್ದು 2023ರ ಏಪ್ರಿಲ್‌ನಿಂದ. ಅದಕ್ಕಿಂತ ಮುಂಚೆ ರಸ್ತೆಗಿಳಿದ ಬೈಕು, ಸ್ಕೂಟರುಗಳ ಕೈಪಿಡಿ ತೆಗೆದು ನೋಡಿ. ಶೇ. 10ಕ್ಕಿಂತ ಹೆಚ್ಚು ಎಥೆನಾಲ್‌ ಇರೋ ಪೆಟ್ರೋಲ್‌ ಬೇಡ ಅಂತ ಬರೆದಿರೋದು ಬಹಳ. 2020ರ ಏಪ್ರಿಲ್‌ನಲ್ಲಿ ಬಿಎಸ್‌6 ಬಂದ ಮೇಲಿನ ಗಾಡಿಗಳಲ್ಲಿ ಫ್ಯುಯೆಲ್‌ ಇಂಜೆಕ್ಷನ್‌ ಇದೆ, ಸೆನ್ಸರ್‌ ನೋಡಿಕೊಂಡು ಅಷ್ಟೋ ಇಷ್ಟೋ ಹೊಂದಿಸಿಕೊಳ್ಳುತ್ತೆ. ಅದಕ್ಕೂ ಹಿಂದಿನ ಕಾರ್ಬೊರೇಟರ್‌ ಗಾಡಿಗೆ ಕಣ್ಣಿಲ್ಲ, ಕಿವಿಯಿಲ್ಲ. ಜೆಟ್‌ನ ತೂತು ಎಷ್ಟು ಬಿಡುತ್ತೋ ಅಷ್ಟೇ. ನಮ್ಮ ಹಳ್ಳಿ ಓಡ್ತಿರೋದು ಈ ಗಾಡಿಗಳ ಮೇಲೆ. ಹಾಲಿನ ಕ್ಯಾನು, ಗೊಬ್ಬರದ ಚೀಲ, ಮಕ್ಕಳನ್ನ ಹೈಸ್ಕೂಲಿಗೆ ಬಿಡೋದು, ರಾತ್ರಿ ಆಸ್ಪತ್ರೆಗೆ ಓಡೋದು ಎಲ್ಲಾ ಇವುಗಳ ಮೇಲೆಯೇ.

ಇನ್ನೊಂದು ಸಂಗತಿ. 2025ರ ಆಗಸ್ಟಿನಲ್ಲಿ ಇ20 ಬಗ್ಗೆ ಸೋಶಿಯಲ್‌ ಮೀಡಿಯಾದಲ್ಲಿ ದೊಡ್ಡ ಗಲಾಟೆ ಆಯ್ತಲ್ಲ, ಅದರಲ್ಲಿ ಮಾತಾಡಿದವರು ಬಹುತೇಕ ಕಾರಿನವರು. ಆದರೆ ದೇಶದ ಪೆಟ್ರೋಲನ್ನ ಹೆಚ್ಚಾಗಿ ಕುಡಿಯೋದು ದ್ವಿಚಕ್ರ ವಾಹನ. ಸುಮಾರು ಹತ್ತು ವರ್ಷ ಹಿಂದೆ ಪೆಟ್ರೋಲಿಯಂ ಸಚಿವಾಲಯದ ಅಡಿಯ ಪಿಪಿಎಸಿ ಮಾಡಿಸಿದ ಅಧ್ಯಯನದ ಪ್ರಕಾರ ಬಂಕಿನಲ್ಲಿ ಮಾರಾಟವಾಗೋ ಪೆಟ್ರೋಲಿನಲ್ಲಿ ಶೇ. 61ರಷ್ಟು ಹೋಗ್ತಿದ್ದುದು ಬೈಕು, ಸ್ಕೂಟರಿಗೆ. ಕಾರಿಗೆ ಶೇ. 34. ಹಾಗಿದ್ದೂ ಟಿವಿ ಚರ್ಚೆಯಲ್ಲಿ ಒಬ್ಬನೇ ಒಬ್ಬ ಡೆಲಿವರಿ ಹುಡುಗನೂ ಕೂತಿದ್ದನ್ನ ನಾನಂತೂ ನೋಡಲಿಲ್ಲ.

ಮೈಲೇಜಿನ ಲೆಕ್ಕ, ಸರ್ಕಾರದ್ದೇ ಅಂಕಿಯಲ್ಲಿ

ಒಂದು ಲೀಟರ್‌ ಎಥೆನಾಲ್‌ ಸುಟ್ಟರೆ ಬರೋ ಶಕ್ತಿ ಒಂದು ಲೀಟರ್‌ ಪೆಟ್ರೋಲಿನ ಮೂರನೇ ಎರಡರಷ್ಟು. ಹಾಗಾಗಿ ಮೈಲೇಜ್‌ ಇಳಿಯಲೇಬೇಕು. ಎಷ್ಟು ಇಳಿಯುತ್ತೆ ಅನ್ನೋದಷ್ಟೇ ಪ್ರಶ್ನೆ. ನೀತಿ ಆಯೋಗ 2021ರಲ್ಲಿ ತಂದ ಎಥೆನಾಲ್‌ ವರದಿ ಹಳೇ ದ್ವಿಚಕ್ರ ವಾಹನಗಳಿಗೆ ಶೇ. 3ರಿಂದ 4 ಅಂತ ಅಂದಾಜು ಮಾಡಿದೆ. ಹಳೇ ಕಾರುಗಳಿಗೆ ಶೇ. 6ರಿಂದ 7. ಗ್ಯಾರೇಜಿನಲ್ಲಿ ಕೇಳಿದರೆ ಇದಕ್ಕಿಂತ ಜಾಸ್ತಿನೇ ಹೇಳ್ತಾರೆ. ಅದು ಬೇಡ, ಸರ್ಕಾರದ ಅಂಕಿಯನ್ನೇ ಇಟ್ಟುಕೊಳ್ಳೋಣ.

ಬೆಂಗಳೂರಿನ ಒಬ್ಬ ಡೆಲಿವರಿ ಹುಡುಗ ದಿನಕ್ಕೆ 120 ಕಿಲೋಮೀಟರ್‌ ಓಡಿಸ್ತಾನೆ, ತಿಂಗಳಿಗೆ 26 ದಿನ ಅಂದುಕೊಳ್ಳಿ. ಗಾಡಿ ಲೀಟರಿಗೆ 45 ಕೊಡ್ತಿತ್ತು. ತಿಂಗಳಿಗೆ 69 ಲೀಟರ್‌ ಬೇಕಿತ್ತು. ಮೈಲೇಜ್‌ ಶೇ. 4 ಇಳಿದರೆ 72 ಲೀಟರ್‌ ಆಗುತ್ತೆ. 2025ರಲ್ಲಿ ಲೀಟರಿಗೆ 103 ರೂಪಾಯಿ ಹತ್ತಿರ ಇತ್ತು. ತಿಂಗಳಿಗೆ 300 ರೂಪಾಯಿ ಜಾಸ್ತಿ, ವರ್ಷಕ್ಕೆ ಮೂರೂವರೆ ಸಾವಿರ. ಅವನಿಗದು ಒಂದು ಜೊತೆ ಟೈರಿನ ದುಡ್ಡು. ಗಿಗ್‌ ಕಾರ್ಮಿಕರಿಗೆ ರಾಜ್ಯದಲ್ಲಿ ಕಾನೂನು ಬಂತು, ಒಳ್ಳೇದೇ ಆಯ್ತು. ಆದರೆ ಪೆಟ್ರೋಲು ಮಾತ್ರ ಇವತ್ತಿಗೂ ಅವನ ಜೇಬಿಂದಲೇ.

ಸಿಟ್ಟು ಬರೋದು ಎಲ್ಲಿ ಗೊತ್ತಾ? ಅದೇ ನೀತಿ ಆಯೋಗದ ವರದಿ ಇನ್ನೊಂದು ಮಾತನ್ನೂ ಹೇಳಿತ್ತು. ಎಥೆನಾಲ್‌ ಬೆರೆಸಿದ ಇಂಧನದಲ್ಲಿ ಶಕ್ತಿ ಕಡಿಮೆ, ಆದ್ದರಿಂದ ಅದರ ಬೆಲೆಯೂ ಸಾಮಾನ್ಯ ಪೆಟ್ರೋಲಿಗಿಂತ ಕಡಿಮೆ ಇರಬೇಕು, ತೆರಿಗೆಯಲ್ಲಿ ರಿಯಾಯಿತಿ ಕೊಡಬೇಕು ಅಂತ. ಬೆರೆಸೋ ಶಿಫಾರಸು ಐದು ವರ್ಷ ಮುಂಚೆಯೇ ಜಾರಿಯಾಯ್ತು. ಬೆಲೆ ಇಳಿಸೋ ಶಿಫಾರಸು ಕಡತದಲ್ಲೇ ಉಳಿಯಿತು. ಜನ ಕೇಳಿದಾಗ ಪೆಟ್ರೋಲಿಯಂ ಸಚಿವಾಲಯ 2025ರ ಆಗಸ್ಟಿನಲ್ಲಿ ಕೊಟ್ಟ ಉತ್ತರ ಹೀಗಿತ್ತು: ಆಗ ಎಥೆನಾಲ್‌ ಅಗ್ಗ ಇತ್ತು, ಈಗ ಖರೀದಿ ಬೆಲೆ ಸರಾಸರಿ ಲೀಟರಿಗೆ 71.32 ರೂಪಾಯಿ, ಸಂಸ್ಕರಿಸಿದ ಪೆಟ್ರೋಲಿಗಿಂತ ದುಬಾರಿ. ಅಂದರೆ ಶಕ್ತಿ ಕಡಿಮೆ ಇರೋ ವಸ್ತುವನ್ನ ಜಾಸ್ತಿ ಬೆಲೆಗೆ ಕೊಂಡು ನಮ್ಮ ಟ್ಯಾಂಕಿಗೆ ಹಾಕ್ತಿದ್ದಾರೆ. ಇದನ್ನ ಒಪ್ಪಿಕೊಂಡ ಮೇಲೂ ಸವಾರನಿಗೆ ಪರಿಹಾರ ಏನು ಅನ್ನೋ ಪ್ರಶ್ನೆ ಹಾಗೇ ನಿಂತಿದೆ.

ಅದೇ ಹೇಳಿಕೆಯಲ್ಲಿ ಇನ್ನೊಂದು ಸಾಲಿದೆ. ಕೆಲವು ಹಳೇ ಗಾಡಿಗಳಲ್ಲಿ 20ರಿಂದ 30 ಸಾವಿರ ಕಿಲೋಮೀಟರ್‌ ಆದ ಮೇಲೆ ರಬ್ಬರ್‌ ಭಾಗ, ಗ್ಯಾಸ್ಕೆಟ್‌ ಬದಲಿಸಬೇಕಾಗಬಹುದು, ಅದೇನು ದುಬಾರಿಯಲ್ಲ, ಮಾಮೂಲಿ ಸರ್ವೀಸಿನಲ್ಲೇ ಆಗುತ್ತೆ ಅಂತ. ದುಬಾರಿ ಅಲ್ಲ ಅನ್ನೋದನ್ನ ತೀರ್ಮಾನ ಮಾಡಿದ್ದು ಯಾರು? ದಿಲ್ಲಿಯ ಅಧಿಕಾರಿಗೆ 780 ರೂಪಾಯಿ ಒಂದು ಹೊತ್ತಿನ ಊಟದ ಬಿಲ್ಲು. ನಮ್ಮೂರಲ್ಲಿ ಎರಡು ದಿನದ ಕೂಲಿ.

ನ್ಯಾಯವಾಗಿ ಸರ್ಕಾರದ ವಾದವನ್ನೂ ಹೇಳಬೇಕು. ಎಆರ್‌ಎಐ, ಇಂಡಿಯನ್‌ ಆಯಿಲ್‌, ಡೆಹ್ರಾಡೂನಿನ ಪೆಟ್ರೋಲಿಯಂ ಸಂಸ್ಥೆ ಪರೀಕ್ಷೆ ನಡೆಸಿವೆ, ಹಳೇ ಗಾಡಿಗಳಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಂಡಿಲ್ಲ ಅನ್ನುತ್ತೆ ಸಚಿವಾಲಯ. 2014-15ರಿಂದ 2025ರ ಜುಲೈವರೆಗೆ ಸುಮಾರು 1.44 ಲಕ್ಷ ಕೋಟಿ ರೂಪಾಯಿ ವಿದೇಶಿ ವಿನಿಮಯ ಉಳಿದಿದೆ ಅನ್ನೋದೂ ಅವರದೇ ಲೆಕ್ಕ. ಹೊಗೆಯಲ್ಲಿ ಇಂಗಾಲದ ಮಾನಾಕ್ಸೈಡ್‌ ಕಡಿಮೆ ಆಗುತ್ತೆ, ಅದೂ ನಿಜ. ಕಚ್ಚಾ ತೈಲಕ್ಕೆ ಕೊಲ್ಲಿ ದೇಶಗಳ ಮುಂದೆ ಕೈಚಾಚೋದು ತಪ್ಪಬೇಕು ಅಂದರೆ ನಾನು ಯಾಕೆ ವಿರೋಧಿಸಲಿ? ಆದರೆ ಪರೀಕ್ಷೆಗೆ ಇಟ್ಟ ಗಾಡಿ ಬೇರೆ, ಹನ್ನೊಂದು ಮಳೆಗಾಲ ಕಂಡ ಗಾಡಿ ಬೇರೆ. ಅಂಥ ಗಾಡಿಗಳ ಟ್ಯಾಂಕು, ಪೈಪುಗಳನ್ನ ಜಿಲ್ಲಾವಾರು ತಪಾಸಣೆ ಮಾಡಿ ಆ ವಿವರ ಜನರ ಮುಂದಿಡೋಕೆ ಏನು ಅಡ್ಡಿ?

ಸಾಬೀತು ಮಾಡೋ ಹೊರೆಯೂ ನಮ್ಮ ತಲೆ ಮೇಲೆ

ಕೋರ್ಟಿಗೂ ಹೋಗಿಯಾಯ್ತು. ಎಥೆನಾಲ್‌ ಇಲ್ಲದ ಪೆಟ್ರೋಲಿನ ಆಯ್ಕೆಯನ್ನೂ ಬಂಕುಗಳಲ್ಲಿ ಇಡಿ, ಎಷ್ಟು ಎಥೆನಾಲ್‌ ಇದೆ ಅಂತ ಬೋರ್ಡು ಹಾಕಿ ಅಂತ ಕೇಳಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯನ್ನ ಸುಪ್ರೀಂ ಕೋರ್ಟ್‌ 2025ರ ಸೆಪ್ಟೆಂಬರ್‌ 1ರಂದು ತಳ್ಳಿಹಾಕಿತು. ಅರ್ಜಿಯ ಹಿಂದೆ ದೊಡ್ಡ ಲಾಬಿ ಇದೆ ಅನ್ನೋದು ಅಟಾರ್ನಿ ಜನರಲ್‌ ವಾದ. ಹತ್ತು ದಿನ ಕಳೆದ ಮೇಲೆ ಸಾರಿಗೆ ಸಚಿವ ಗಡ್ಕರಿಯವರು, ಇದು ತಮ್ಮ ವಿರುದ್ಧ ದುಡ್ಡು ಕೊಟ್ಟು ಮಾಡಿಸಿದ ಪ್ರಚಾರ ಅಂದರು. ತೈಲ ಲಾಬಿ ಅನ್ನೋದು ಇರಬಹುದು, ಇಲ್ಲ ಅನ್ನಲ್ಲ. ಆದರೆ ಕ್ರಾಸಿನ ಗ್ಯಾರೇಜಿನ ಕಾಕಾಗೆ ಯಾವ ಲಾಬಿಯೂ ದುಡ್ಡು ಕಳಿಸಿಲ್ಲ.

ವಾರಂಟಿ ಕತೆಯೂ ಹೀಗೇ. ವಾರಂಟಿಗೆ ತೊಂದರೆಯಿಲ್ಲ ಅಂತ ಕಂಪನಿಗಳ ಒಕ್ಕೂಟ ಭರವಸೆ ಕೊಟ್ಟಿದೆ. 2014ರ ಗಾಡಿಗೆ ಯಾವ ವಾರಂಟಿ? ಯಾರ ಗಾಡಿಗೆ ಅಪಾಯ ಹೆಚ್ಚೋ ಅವರಿಗೆ ಈ ಭರವಸೆ ಉಪಯೋಗವಿಲ್ಲ. ಯಾರಿಗೆ ಉಪಯೋಗವಿದೆಯೋ ಅವರ ಗಾಡಿ ಹೇಗೂ ಇ20ಗೆ ತಯಾರಾದದ್ದೇ.

ಬ್ರೆಜಿಲ್‌ ನೋಡಿ, ಅಲ್ಲಿ ಶೇ. 27ರಷ್ಟು ಬೆರೆಸಿ ವರ್ಷಗಳಾದವು ಅನ್ನೋ ಮಾತು ಪದೇ ಪದೇ ಕೇಳಿಬರುತ್ತೆ. ನೋಡೋಣ. ಅಲ್ಲಿ 2003ರಿಂದಲೇ ಯಾವ ಪ್ರಮಾಣದಲ್ಲಿ ಬೆರೆಸಿದರೂ ಓಡೋ ಫ್ಲೆಕ್ಸ್‌ ಫ್ಯುಯೆಲ್‌ ಕಾರುಗಳಿವೆ, 2009ರಲ್ಲಿ ಅಂಥ ಬೈಕೂ ಬಂತು. ಬಂಕಿನಲ್ಲಿ ಶುದ್ಧ ಎಥೆನಾಲ್‌ಗೆ ಬೇರೆಯೇ ಪೈಪು, ಬೇರೆಯೇ ಬೆಲೆ. ಎಥೆನಾಲ್‌ ಬೆಲೆ ಪೆಟ್ರೋಲಿನ ಶೇ. 70ಕ್ಕಿಂತ ಕಡಿಮೆ ಇದ್ದರೆ ಅದನ್ನ, ಇಲ್ಲದಿದ್ದರೆ ಪೆಟ್ರೋಲನ್ನ ಹಾಕಿಸೋದು ಅಲ್ಲಿನವರ ರೂಢಿ. ಲೆಕ್ಕ ಹಾಕೋ ಹಕ್ಕನ್ನ ಅಲ್ಲಿನ ಸವಾರನಿಗೆ ಬಿಟ್ಟಿದ್ದಾರೆ. ಅಮೆರಿಕದಲ್ಲಂತೂ ಶೇ. 15 ಎಥೆನಾಲ್‌ ಇರೋ ಪೆಟ್ರೋಲನ್ನ ಮೋಟಾರ್‌ಸೈಕಲ್‌ಗೆ ಹಾಕೋದನ್ನೇ ಕಾನೂನು ಒಪ್ಪಲ್ಲ, ಪಂಪಿನ ಮೇಲೆ ಎಚ್ಚರಿಕೆ ಅಂಟಿಸಿರ್ತಾರೆ. ನಮ್ಮಲ್ಲಿ ಶೇ. 20.

ರೈತನ ಹೆಸರಲ್ಲಿ

ಇಷ್ಟೆಲ್ಲ ಕೇಳಿದ ಮೇಲೆ ಬರೋ ಕೊನೇ ಉತ್ತರ ಒಂದೇ: "ಇದು ಅನ್ನದಾತನಿಗಾಗಿ." ಬೈಕಿನವನು ತಿಂಗಳಿಗೆ ಮುನ್ನೂರು ಜಾಸ್ತಿ ಕೊಟ್ಟರೆ ರೈತ ಬದುಕ್ತಾನೆ ಅನ್ನೋದಾದರೆ ನಾನು ಸುಮ್ಮನಾಗ್ತೀನಿ. ನಮ್ಮಪ್ಪನೇ ರೈತ.

ಆದರೆ ಆ ಲೆಕ್ಕವನ್ನೂ ನೋಡಬೇಕಲ್ಲ. ಒಂದು ಟನ್‌ ಗೋವಿನಜೋಳದಿಂದ ಸುಮಾರು 380 ಲೀಟರ್‌ ಎಥೆನಾಲ್‌ ಬರುತ್ತೆ. ಅಂದರೆ ಕ್ವಿಂಟಲಿಗೆ 38 ಲೀಟರ್‌. ಕಾಳಿನಿಂದ ಮಾಡಿದ ಎಥೆನಾಲ್‌ಗೆ ತೈಲ ಕಂಪನಿಗಳು ಕೊಡೋದು ಲೀಟರಿಗೆ 71.86 ರೂಪಾಯಿ. ಗುಣಿಸಿ ನೋಡಿ, 2,700 ದಾಟುತ್ತೆ. ಉಳಿದ ಹಿಂಡಿ ದನ, ಕೋಳಿ ಮೇವಿಗೆ ಹೋಗಿ ಅದರ ದುಡ್ಡು ಬೇರೆ. 2025-26ರ ಬೆಂಬಲ ಬೆಲೆ 2,400 ಇತ್ತು. ನವೆಂಬರಿನಲ್ಲಿ ಹಾವೇರಿ, ದಾವಣಗೆರೆ, ಗದಗ ಮಾರುಕಟ್ಟೆಯಲ್ಲಿ ರೈತನಿಗೆ ಸಿಕ್ಕಿದ್ದು 1,600ರಿಂದ 1,800. ಡಿಸ್ಟಿಲರಿಗೂ ಖರ್ಚಿದೆ, ಗೊತ್ತು. ಆದರೆ ಡಿಸ್ಟಿಲರಿಯ ಎಥೆನಾಲ್‌ಗೆ ಸರ್ಕಾರವೇ ಖಾತ್ರಿ ಬೆಲೆ, ಖಾತ್ರಿ ಖರೀದಿ ಕೊಡುತ್ತೆ. ಕಾಳು ಬೆಳೆದವನಿಗೆ ಅಂಥ ಖಾತ್ರಿ ಇಲ್ಲ. ಬೆಂಬಲ ಬೆಲೆ ಅನ್ನೋದು ಕಾಗದದ ಮೇಲಿದೆ, ಖರೀದಿ ಕೇಂದ್ರ ತೆರೀರಿ ಅಂತ ರೈತರು ಬೀದಿಯಲ್ಲಿ ಕೂರಬೇಕು.

ಕಬ್ಬಿನದೂ ಇದೇ ಪಾಡು. ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸಿನಲ್ಲಿ ಟನ್ನಿಗೆ 3,500 ಕೊಡಿ ಅಂತ ಅಕ್ಟೋಬರ್‌ ಕೊನೆಯಿಂದ ರೈತರು ಹಗಲು ರಾತ್ರಿ ಕೂತರು. ನವೆಂಬರ್‌ ಮೊದಲ ವಾರ 3,300ಕ್ಕೆ ರಾಜಿಯಾಯ್ತು. ಎಥೆನಾಲ್‌ನಿಂದ ಕಾರ್ಖಾನೆಗಳಿಗೆ ದುಡ್ಡು ಬರೋಕೆ ಶುರುವಾಗಿ ವರ್ಷಗಳಾದ ಮೇಲೂ ರೈತ ಹೆದ್ದಾರಿಯಲ್ಲಿ ಕೂತೇ ದರ ಕೇಳಬೇಕು ಅಂದರೆ, ಆ ಸಮೃದ್ಧಿ ಗೇಟಿನ ಒಳಗೇ ಉಳಿದಿದೆ ಅಂತ ಅರ್ಥ. ನೀರಿನ ಮಾತು ಬೇರೆ: ಕಬ್ಬಿನಿಂದ ಒಂದು ಲೀಟರ್‌ ಎಥೆನಾಲ್‌ ಬರಬೇಕಾದರೆ 2,860 ಲೀಟರ್‌ ನೀರು ಬೇಕು ಅಂತ ನೀತಿ ಆಯೋಗದ ಅದೇ ವರದಿ ಬರೆದಿದೆ.

ಅಕ್ಕಿ ವಿಷಯ ಕೇಳಿದರೆ ಕರ್ನಾಟಕದವರಿಗೆ ಹಳೇ ಗಾಯ ಕೆರೆದಂಗೆ ಆಗುತ್ತೆ. 2023ರ ಜೂನ್‌ನಲ್ಲಿ ಅನ್ನಭಾಗ್ಯಕ್ಕೆ ಕೆಜಿಗೆ 34 ರೂಪಾಯಿ ಕೊಡ್ತೀವಿ, ಅಕ್ಕಿ ಕೊಡಿ ಅಂತ ರಾಜ್ಯ ಕೇಳಿದಾಗ ಒಕ್ಕೂಟ ಸರ್ಕಾರ ಇಲ್ಲ ಅಂದಿತು. ಅಕ್ಕಿ ಬದಲು ಜನರ ಖಾತೆಗೆ ದುಡ್ಡು ಹಾಕಬೇಕಾಯ್ತು. 2025ರ ಜನವರಿಯಲ್ಲಿ ಅದೇ ಎಫ್‌ಸಿಐ ಅಕ್ಕಿಯನ್ನ ಡಿಸ್ಟಿಲರಿಗಳಿಗೆ ಕೆಜಿಗೆ 22.50ಕ್ಕೆ ಕೊಡೋ ತೀರ್ಮಾನ ಆಯ್ತು. (ರಾಜ್ಯಗಳಿಗೂ ಅದೇ ದರಕ್ಕೆ ಇಳಿಸಿದರು, ಅದನ್ನೂ ಹೇಳಿಬಿಡ್ತೀನಿ. ಗೋದಾಮು ತುಂಬಿ ತುಳುಕಿದ ಮೇಲೆ.)

ಹಾಗಂತ ರಾಜ್ಯ ಸರ್ಕಾರ ನಮ್ಮ ಕಡೆ ಇದೆ ಅಂದುಕೊಳ್ಳಬೇಡಿ. 2024ರ ಜೂನ್‌ನಲ್ಲಿ ಪೆಟ್ರೋಲ್‌ ಮೇಲಿನ ಮಾರಾಟ ತೆರಿಗೆಯನ್ನ ಶೇ. 25.92ರಿಂದ 29.84ಕ್ಕೆ ಏರಿಸಿ ಲೀಟರಿಗೆ 3 ರೂಪಾಯಿ ಜಾಸ್ತಿ ಮಾಡಿದ್ದು ಇದೇ ಕಾಂಗ್ರೆಸ್‌ ಸರ್ಕಾರ. ತೆರಿಗೆ ಲೀಟರಿನ ಮೇಲೆ ಬೀಳುತ್ತೆ, ಕಿಲೋಮೀಟರಿನ ಮೇಲಲ್ಲ. ಮೈಲೇಜ್‌ ಇಳಿದು ನಾವು ಹೆಚ್ಚು ಲೀಟರ್‌ ಹಾಕಿಸಿದಷ್ಟೂ ಬೆಂಗಳೂರಿಗೂ ಲಾಭ, ದಿಲ್ಲಿಗೂ ಲಾಭ. ಕಬ್ಬಿನ ಹೋರಾಟ ಕಾವೇರಿದಾಗ ಮುಖ್ಯಮಂತ್ರಿ ಸಿದ್ದರಾಮಯ್ಯ ಪ್ರಧಾನಿಗೆ ಪತ್ರ ಬರೆದರು. ರಾಜ್ಯಕ್ಕೆ 270 ಕೋಟಿ ಲೀಟರ್‌ ಎಥೆನಾಲ್‌ ತಯಾರಿಸೋ ಸಾಮರ್ಥ್ಯವಿದ್ದರೂ 47 ಕೋಟಿ ಲೀಟರ್‌ ಮಾತ್ರ ಹಂಚಿಕೆ ಮಾಡಿದ್ದೀರಿ ಅನ್ನೋದು ಅದರ ದೂರುಗಳಲ್ಲೊಂದು. ಹಂಚಿಕೆಯಲ್ಲಿ ತಾರತಮ್ಯ ಆಗಿದ್ದರೆ ಕೇಳಲೇಬೇಕು. ಆದರೆ ಗಮನಿಸಿ, ಎರಡೂ ಸರ್ಕಾರಗಳ ಜಗಳ ಇರೋದು ನಮ್ಮ ಟ್ಯಾಂಕಿಗೆ ಯಾವ ರಾಜ್ಯದ ಎಥೆನಾಲ್‌ ಎಷ್ಟು ಹೋಗಬೇಕು ಅನ್ನೋದರ ಬಗ್ಗೆ. ಟ್ಯಾಂಕಿನ ಮಾಲೀಕನ ಬಗ್ಗೆ ಆ ಪತ್ರದಲ್ಲೂ ಇಲ್ಲ, ದಿಲ್ಲಿಯ ಹೇಳಿಕೆಯಲ್ಲೂ ಇಲ್ಲ. ವಿರೋಧ ಪಕ್ಷದಲ್ಲಿ ಕೂತ ಬಿಜೆಪಿ ಪೆಟ್ರೋಲ್‌ ದರ ಏರಿದಾಗ ಎತ್ತಿನಗಾಡಿ ಹತ್ತಿತ್ತು. ಇ20 ಬಗ್ಗೆ ಎತ್ತೂ ಇಲ್ಲ, ಗಾಡಿಯೂ ಇಲ್ಲ. ಸಕ್ಕರೆ ಕಾರ್ಖಾನೆ ಇಟ್ಟುಕೊಂಡ ರಾಜಕಾರಣಿಗಳು ಯಾವ ಪಕ್ಷದಲ್ಲಿ ಇಲ್ಲ ಅಂತ ಒಮ್ಮೆ ಯೋಚಿಸಿದರೆ ಕಾರಣ ಹೊಳೆಯುತ್ತೆ.

ಬೇಡಿಕೆ ಏನು ದೊಡ್ಡದಲ್ಲ. ಹಳೇ ಗಾಡಿಗಳು ರಸ್ತೆಯಲ್ಲಿ ಇರೋವರೆಗೆ ತಾಲೂಕಿಗೆ ಒಂದೆರಡು ಬಂಕುಗಳಲ್ಲಾದರೂ ಇ10 ಸಿಗಲಿ. ಪ್ರತಿ ಪಂಪಿನ ಮೇಲೆ ಎಥೆನಾಲ್‌ ಪ್ರಮಾಣ ಕನ್ನಡದಲ್ಲಿ ಬರೆದಿರಲಿ. ಮೈಲೇಜ್‌ ಎಷ್ಟು ಇಳಿಯುತ್ತೆ ಅಂತ ಸರ್ಕಾರವೇ ಹೇಳಿದೆಯೋ ಅಷ್ಟನ್ನ ಬೆಲೆಯಲ್ಲಿ ಇಳಿಸಲಿ. ಶೇ. 4 ಅಂದರೆ ಲೀಟರಿಗೆ 4 ರೂಪಾಯಿ, ಎರಡೂ ಸರ್ಕಾರ ಎರಡೆರಡು ಹಂಚಿಕೊಳ್ಳಲಿ. ರಬ್ಬರ್‌ ಭಾಗ ಅಗ್ಗ ಅನ್ನೋದು ನಿಜವಾದರೆ ಅದರ ಕಿಟ್ಟನ್ನ ತೈಲ ಕಂಪನಿಗಳೇ ಕೊಡಲಿ, ಅಗ್ಗ ತಾನೇ? ಇ20 ನಂತರ ಏನು ಅನ್ನೋ ತೀರ್ಮಾನ ಇನ್ನೂ ಆಗಿಲ್ಲ. ಈಗಿನ ಯೋಜನೆ ಇರೋದು 2026ರ ಅಕ್ಟೋಬರ್‌ 31ರವರೆಗೆ. ಶೇ. 27ರ ಮಾತು ಆಗಲೇ ಓಡಾಡ್ತಿದೆ. ಕೇಳೋದಾದರೆ ಅದಕ್ಕೆ ಮುಂಚೆ ಕೇಳಬೇಕು.

ಕಾಕಾ ಕಾರ್ಬೊರೇಟರ್‌ ಕೂರಿಸಿ ಎರಡನೇ ಕಿಕ್ಕಿಗೆ ಗಾಡಿ ಎಬ್ಬಿಸಿದರು. "ಪೆಟ್ರೋಲ್‌ ಫುಲ್‌ ಮಾಡಿಸಿ ಇಡ್ರಿ, ಟ್ಯಾಂಕಿನಾಗ ಗಾಳಿ ಕಡಿಮಿ ಇದ್ರ ನೀರು ಕಡಿಮಿ ಕೂಡತೈತಿ" ಅಂತ ಸಲಹೆ ಕೊಟ್ಟರು. ಸಲಹೆ ಸರಿಯಾಗೇ ಇತ್ತು. ಫುಲ್‌ ಮಾಡಿಸೋಕೆ ಸಾವಿರ ರೂಪಾಯಿ ಬೇಕು. ಅಪ್ಪ ಯಾವತ್ತೂ ನೂರು, ಇನ್ನೂರಕ್ಕಿಂತ ಜಾಸ್ತಿ ಹಾಕಿಸಿದವರಲ್ಲ. ಅವತ್ತೂ ಇನ್ನೂರಕ್ಕೇ ಹಾಕಿಸಿದೆವು. ಅಲ್ಲಿಂದ ಎಪಿಎಂಸಿಗೆ ಹೋದೆವು. ರೇಟು 1,680ಕ್ಕೆ ಬಂದಿತ್ತು.